ಮರುಕಳಿಸುವ ಖಿನ್ನತೆಗೆ ಸರಿಯಾದ ಕೋಡ್ ಹಾಕುವುದು ಹೇಗೆ?

ಕೇಸ್ ಶೀಟ್‌ನಲ್ಲಿ ಡಾಕ್ಟರು ‘ಖಿನ್ನತೆ, ಮತ್ತೆ ಬಂದಿದೆ’ ಎಂದು ಬರೆದಿದ್ದಾರೆ. ಅದಕ್ಕೆ ನೀವು ಕೋಡ್, ಅಂದರೆ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕಿರುವ ಗುರುತು, ಹಾಕಬೇಕು. ಹೆಚ್ಚಿನವರು ಮೊದಲು ಹುಡುಕುವುದು ಕಾಯಿಲೆ ಎಷ್ಟು ಜೋರಾಗಿದೆ ಎಂಬುದನ್ನು. ಆದರೆ ಮರುಕಳಿಸುವ ಖಿನ್ನತೆಯಲ್ಲಿ ಮೊದಲು ಬೇಕಿರುವುದು ತಾರೀಕುಗಳು. ಹಿಂದೆ ಯಾವಾಗ ಬಂದಿತ್ತು? ಎಷ್ಟು ದಿನ ಇತ್ತು? ನಡುವೆ ಎಷ್ಟು ಕಾಲ ಆರಾಮಾಗಿದ್ದರು? ಈಗ ಹೇಗಿದ್ದಾರೆ? ಇಷ್ಟು ಗೊತ್ತಿದ್ದರೆ ಕೋಡ್‌ನ ಮುಕ್ಕಾಲು ಭಾಗ ತಾನಾಗಿಯೇ ತೀರ್ಮಾನವಾಗುತ್ತದೆ. ಗೊತ್ತಿಲ್ಲದಿದ್ದರೆ ಕೊನೆಗೆ ‘ನಿರ್ದಿಷ್ಟಪಡಿಸಿಲ್ಲ’ ಅನ್ನುವ ಕೋಡ್‌ಗೇ ಬಂದು ನಿಲ್ಲುತ್ತೇವೆ.

ಈ ಬರಹ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಇರುವವರಿಗೆ, ಕೋಡಿಂಗ್ ಕಲಿಯುತ್ತಿರುವವರಿಗೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಫ್33 ಅಂತ ನೋಡಿ ‘ಇದೇನಪ್ಪಾ’ ಅಂದುಕೊಂಡವರಿಗೂ ಉಪಯೋಗವಾಗಬಹುದು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಡಯಾಗ್ನೋಸಿಸ್ ಮಾಡುವುದು ಡಾಕ್ಟರ ಕೆಲಸ. ಅವರು ಬರೆದದ್ದನ್ನು ಪಟ್ಟಿಯಲ್ಲಿ ಸರಿಯಾದ ಜಾಗಕ್ಕೆ ಸೇರಿಸುವುದಷ್ಟೇ ಕೋಡರ್ ಕೆಲಸ. ಇನ್ನು, ಇಲ್ಲಿ ಕೋಡ್‌ನ ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ದಾಖಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ಹೆಜ್ಜೆ 1: ಯಾವ ಪಟ್ಟಿ ಅಂತ ನೋಡಿಕೊಳ್ಳಿ

ಒಂದೇ ಕಾಯಿಲೆಗೆ ಒಂದಕ್ಕಿಂತ ಹೆಚ್ಚು ಪಟ್ಟಿಗಳಿವೆ. ಐಸಿಡಿ ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಅಂತಾರಾಷ್ಟ್ರೀಯ ಪಟ್ಟಿ. ಅದರ ಹತ್ತನೇ ಆವೃತ್ತಿಯಾದ ಐಸಿಡಿ-10ಕ್ಕೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಮರುಕಳಿಸುವ ಖಿನ್ನತೆಯ ಜಾಗ ಎಫ್33. ಅಮೆರಿಕ ಅದನ್ನೇ ತನಗೆ ಬೇಕಾದಂತೆ ಬೆಳೆಸಿ ಐಸಿಡಿ-10-ಸಿಎಂ ಮಾಡಿಕೊಂಡಿತು. ಅಲ್ಲಿ ಇದು 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿದೆ. ಐಸಿಡಿ-11ಕ್ಕೆ 2019ರಲ್ಲಿ ಒಪ್ಪಿಗೆ ಸಿಕ್ಕಿ, 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಇದೇ ಕಾಯಿಲೆ 6ಎ71.

ಡಿಎಸ್ಎಂ-5 ಬೇರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, 2022ರಲ್ಲಿ ಪರಿಷ್ಕರಿಸಿದ ಕೈಪಿಡಿ ಅದು. ಡಯಾಗ್ನೋಸಿಸ್‌ನ ನಿಯಮಗಳು ಅದರದ್ದೇ, ಆದರೆ ಕೋಡ್ ಸಂಖ್ಯೆಗಳನ್ನು ಐಸಿಡಿ-10-ಸಿಎಂನಿಂದ ತೆಗೆದುಕೊಳ್ಳುತ್ತದೆ. ಹೀಗಾಗಿ ಡಾಕ್ಟರು ಡಿಎಸ್ಎಂ ನೋಡಿ ಬರೆದ ಮಾತಿಗೆ ನೀವು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಕೋಡ್ ಹಾಕಬೇಕಾಗಿ ಬರಬಹುದು. ಆಗ ಗೊಂದಲ ಆಗುವ ಜಾಗಗಳು ಯಾವುವು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಕಾಲದ ಗೆರೆ ಎಳೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಉದ್ದಕ್ಕೆ ಒಂದು ಗೆರೆ ಎಳೆಯಿರಿ. ರೋಗಿಗೆ ಖಿನ್ನತೆ ಬಂದ ಪ್ರತಿ ಸಲವನ್ನೂ ಅದರ ಮೇಲೆ ಗುರುತು ಮಾಡಿ. ಶುರುವಾದ ತಿಂಗಳು, ಮುಗಿದ ತಿಂಗಳು, ಆಗ ಯಾರು ಏನು ಡಯಾಗ್ನೋಸಿಸ್ ಕೊಟ್ಟರು, ಆಸ್ಪತ್ರೆಗೆ ಸೇರಿದ್ದರೇ ಇಲ್ಲವೇ. ಹಳೆಯ ಸಮ್ಮರಿಗಳು, ರೆಫರಲ್ ಪತ್ರಗಳು, ಒಪಿಡಿ ಚೀಟಿಗಳಲ್ಲಿ ಇದು ಚದುರಿಹೋಗಿರುತ್ತದೆ. ಹುಡುಕುವುದು ಬೇಜಾರಿನ ಕೆಲಸವೇ, ಆದರೂ ಇದನ್ನು ಬಿಡಬೇಡಿ.

ಈಗ ಮೂರು ವಿಷಯ ನೋಡಿ.

ಒಂದು, ಪ್ರತಿ ಎಪಿಸೋಡ್ (ಖಿನ್ನತೆ ಬಂದ ಒಂದೊಂದು ಸಲ) ಕನಿಷ್ಠ 2 ವಾರ ಇತ್ತೇ? ಎರಡು ದಿನ ಮಂಕಾಗಿ ಕೂತದ್ದು ಲೆಕ್ಕಕ್ಕೆ ಬರುವುದಿಲ್ಲ. ಹಾಗೆ ಆಗಾಗ ಬಂದು ಎರಡು ವಾರದೊಳಗೇ ಹೋಗುವ ಸ್ಥಿತಿಗೆ ಐಸಿಡಿ-10ರಲ್ಲಿ ಬೇರೆ ಜಾಗವೇ ಇದೆ: ಎಫ್38.1. ಅದನ್ನು ಎಫ್33ಕ್ಕೆ ಸೇರಿಸಬಾರದು.

ಎರಡು, ಕನಿಷ್ಠ ಎರಡು ಎಪಿಸೋಡ್ ಆಗಿವೆಯೇ? ಈಗ ನಡೆಯುತ್ತಿರುವುದೂ ಸೇರಿ ಎರಡು. ಇದೇ ಮೊದಲ ಸಲವಾದರೆ ಎಷ್ಟೇ ಜೋರಾಗಿದ್ದರೂ ಎಫ್32, ಐಸಿಡಿ-11ರಲ್ಲಿ 6ಎ70.

ಮೂರು, ಎರಡರ ನಡುವೆ ಸಾಕಷ್ಟು ಬಿಡುವು ಇತ್ತೇ? ಹೆಚ್ಚು ಎಡವುವುದು ಇಲ್ಲೇ. ಐಸಿಡಿ-10ರ ವೈದ್ಯಕೀಯ ವಿವರಣೆ ‘ಹಲವು ತಿಂಗಳು’ ಮನಸ್ಸು ಸರಿಯಾಗಿರಬೇಕು ಅನ್ನುತ್ತದೆ. ಅದರದ್ದೇ ಸಂಶೋಧನಾ ಮಾನದಂಡ ಕನಿಷ್ಠ 2 ತಿಂಗಳು ಅನ್ನುತ್ತದೆ. ಡಿಎಸ್ಎಂ-5 ಕೂಡ ಸತತ 2 ತಿಂಗಳು ಅನ್ನುತ್ತದೆ, ಆದರೆ ಅದರ ಷರತ್ತು ಸಡಿಲ. ಆ 2 ತಿಂಗಳಲ್ಲಿ ಪೂರ್ಣ ಪ್ರಮಾಣದ ಖಿನ್ನತೆಯ ಮಾನದಂಡ ತಲುಪದಿದ್ದರೆ ಸಾಕು, ಅಲ್ಪಸ್ವಲ್ಪ ಲಕ್ಷಣ ಉಳಿದಿರಬಹುದು. ಐಸಿಡಿ ಕೇಳುವುದು ಗಮನಕ್ಕೆ ಬರುವಂಥ ಮನಸ್ಸಿನ ತೊಂದರೆಯೇ ಇಲ್ಲದ ಬಿಡುವು. ಹೀಗಾಗಿ ಒಂದೇ ರೋಗಿ ಡಿಎಸ್ಎಂ ಪ್ರಕಾರ ಮರುಕಳಿಸಿದ ಖಿನ್ನತೆಯವರಾಗಿ, ಐಸಿಡಿ ಪ್ರಕಾರ ಒಂದೇ ಉದ್ದನೆಯ ಎಪಿಸೋಡ್‌ನವರಾಗಿ ಕಾಣುವುದು ಸಾಧ್ಯ.

ಒಂದು ಉದಾಹರಣೆ ನೋಡೋಣ. 42 ವರ್ಷದ ಶಿಕ್ಷಕಿ. ಜನವರಿಯಲ್ಲಿ ಖಿನ್ನತೆ ಶುರುವಾಯಿತು. ಏಪ್ರಿಲ್‌ಗೆ ಸ್ವಲ್ಪ ವಾಸಿಯಾಗಿ ಮಾತ್ರೆ ನಿಲ್ಲಿಸಿದರು. ಮೂರು ವಾರ ಕಳೆದ ಮೇಲೆ ಮತ್ತೆ ನಿದ್ದೆ ಹೋಯಿತು, ಅಳು ಬಂತು, ಕೆಲಸಕ್ಕೆ ಹೋಗಲು ಆಗಲಿಲ್ಲ. ಇದು ಎರಡನೇ ಎಪಿಸೋಡ್ ಅಂತ ಅನಿಸುತ್ತದೆ, ಅಲ್ವಾ? ಆದರೆ ನಡುವೆ ಬಿಡುವು ಮೂರೇ ವಾರ. ಇದು ಹಳೆಯದೇ ಮತ್ತೆ ಕೆದರಿಕೊಂಡದ್ದು, ಹೊಸ ಎಪಿಸೋಡ್ ಅಲ್ಲ. ಹಿಂದೆ ಬೇರೆ ಎಪಿಸೋಡ್ ಇಲ್ಲದಿದ್ದರೆ ಅವರು ಎಫ್32ರಲ್ಲೇ ಇರುತ್ತಾರೆ. ಅದೇ ಶಿಕ್ಷಕಿಗೆ ಐದು ವರ್ಷದ ಹಿಂದೆ ಹೆರಿಗೆಯ ಮರುವರ್ಷ ನಾಲ್ಕು ತಿಂಗಳು ಖಿನ್ನತೆ ಇತ್ತು, ಆಮೇಲೆ ಪೂರ್ತಿ ಗುಣವಾಗಿತ್ತು ಅಂತ ಹಳೆಯ ಚೀಟಿಯೊಂದು ಸಿಕ್ಕರೆ? ಆಗ ಡಾಕ್ಟರ ಗಮನಕ್ಕೆ ತನ್ನಿ. ಅವರು ಒಪ್ಪಿ ಬರೆದರೆ ಕೋಡ್ ಎಫ್33. ಒಂದು ಚೀಟಿಯಿಂದ ಇಡೀ ವರ್ಗವೇ ಬದಲಾಯಿತು ನೋಡಿ.

ಒಮ್ಮೆ ಎಫ್33 ಆದ ಮೇಲೆ ಮುಂದಿನ ಖಿನ್ನತೆಗೆ ಮತ್ತೆ ಎಫ್32 ಹಾಕುವಂತಿಲ್ಲ. ನಡುವೆ ಹತ್ತು ವರ್ಷ ಆರಾಮಾಗಿದ್ದರೂ ಅಷ್ಟೇ. ‘ಇದು ಈ ಆಸ್ಪತ್ರೆಗೆ ಮೊದಲ ಭೇಟಿ’ ಎಂಬುದನ್ನು ‘ಇದು ಮೊದಲ ಎಪಿಸೋಡ್’ ಎಂದು ಓದಿಕೊಳ್ಳುವುದು ತುಂಬಾ ಸಾಮಾನ್ಯ. ಇವೆರಡಕ್ಕೂ ಸಂಬಂಧವೇ ಇಲ್ಲ.

ಹೆಜ್ಜೆ 3: ಗೆರೆಯ ಮೇಲ್ಗಡೆ ಏನಾದರೂ ಇದೆಯೇ?

ಖಿನ್ನತೆಯನ್ನು ಗೆರೆಯ ಕೆಳಗೆ ಗುರುತು ಮಾಡಿದ್ದೀರಿ ಅಂದುಕೊಳ್ಳಿ. ಮೇಲ್ಗಡೆಯೂ ನೋಡಬೇಕು. ರೋಗಿಗೆ ಯಾವಾಗಲಾದರೂ ಮೇನಿಯಾ ಬಂದಿತ್ತೇ? ವಿಪರೀತ ಹುರುಪು, ನಿದ್ದೆಯೇ ಬೇಡ ಅನ್ನುವುದು, ಲೆಕ್ಕವಿಲ್ಲದೆ ದುಡ್ಡು ಸುರಿಯುವುದು, ನಿಲ್ಲದ ಮಾತು. ಒಂದೇ ಸಲ ಬಂದಿದ್ದರೂ ಅದು ಬೈಪೋಲಾರ್ (ಹುರುಪು, ಖಿನ್ನತೆ ಎರಡೂ ಬರುವ ಕಾಯಿಲೆ) ಕಡೆಗೆ ಹೋಗುತ್ತದೆ: ಐಸಿಡಿ-10ರಲ್ಲಿ ಎಫ್31, ಐಸಿಡಿ-11ರಲ್ಲಿ 6ಎ60. ಹೈಪೋಮೇನಿಯಾ (ಮೇನಿಯಾದಷ್ಟು ಜೋರಿಲ್ಲದ ಹುರುಪು) ಎಪಿಸೋಡ್ ಜೊತೆಗೆ ಖಿನ್ನತೆ ಇದ್ದರೆ ಐಸಿಡಿ-11ರಲ್ಲಿ 6ಎ61. ಆಮೇಲೆ ಎಷ್ಟೇ ಸಲ ಬರೀ ಖಿನ್ನತೆ ಬಂದರೂ ಎಫ್33 ಹಾಕುವಂತಿಲ್ಲ. ಐಸಿಡಿ-10-ಸಿಎಂನಲ್ಲಂತೂ ಎಫ್33ರ ಕೆಳಗೇ ‘ಎಫ್30, ಎಫ್31 ಇದರ ಜೊತೆ ಬರುವಂತಿಲ್ಲ’ ಎಂದು ಬರೆದಿದೆ.

ಐಸಿಡಿ-10 ಇಲ್ಲಿ ಒಂದು ಸಣ್ಣ ರಿಯಾಯಿತಿ ಕೊಟ್ಟಿದೆ. ಖಿನ್ನತೆ ಇಳಿದ ಕೂಡಲೇ, ಕೆಲವೊಮ್ಮೆ ಚಿಕಿತ್ಸೆಯಿಂದಲೇ ಎಂಬಂತೆ, ಸ್ವಲ್ಪ ಕಾಲ ಹುರುಪು ಜಾಸ್ತಿಯಾಗುವುದುಂಟು. ಅಷ್ಟರಿಂದ ಎಫ್33 ತಪ್ಪುವುದಿಲ್ಲ. ಆದರೆ ಇದನ್ನು ತೀರ್ಮಾನಿಸುವುದು ಮನೋವೈದ್ಯರೇ ಹೊರತು ರೆಕಾರ್ಡ್ಸ್ ವಿಭಾಗವಲ್ಲ. ಹಳೆಯ ಫೈಲಿನಲ್ಲಿ ಎಫ್31, ಹೊಸದರಲ್ಲಿ ಎಫ್33 ಕಂಡರೆ ಸುಮ್ನೆ ಹೊಸದನ್ನು ನಂಬಿ ಮುಂದೆ ಹೋಗಬೇಡಿ. ಕೇಳಿ.

ಹೆಜ್ಜೆ 4: ಈಗಿನ ಎಪಿಸೋಡ್ ಎಷ್ಟು ಜೋರು?

ವರ್ಗ ಎಫ್33 ಅಂತ ಆಯಿತು. ಚುಕ್ಕಿಯ ಮುಂದಿನ ಅಂಕಿ ಬರುವುದು ಇವತ್ತಿನ ಸ್ಥಿತಿಯಿಂದ. ಐದು ವರ್ಷದ ಹಿಂದಿನ ಎಪಿಸೋಡ್ ಭಯಂಕರವಾಗಿದ್ದು ಈಗಿನದು ಸೌಮ್ಯವಾಗಿದ್ದರೆ ಕೋಡ್ ಸೌಮ್ಯದ್ದೇ. ಐಸಿಡಿ-10ರಲ್ಲಿ ಹೀಗಿದೆ:

ಎಫ್33.0 – ಈಗಿನ ಎಪಿಸೋಡ್ ಸೌಮ್ಯ
ಎಫ್33.1 – ಮಧ್ಯಮ
ಎಫ್33.2 – ತೀವ್ರ, ಸೈಕೋಟಿಕ್ ಲಕ್ಷಣ (ಇಲ್ಲದ ದನಿ ಕೇಳುವಂಥದ್ದು; ಹೆಜ್ಜೆ 5 ನೋಡಿ) ಇಲ್ಲ
ಎಫ್33.3 – ತೀವ್ರ, ಸೈಕೋಟಿಕ್ ಲಕ್ಷಣ ಇದೆ
ಎಫ್33.4 – ಸದ್ಯ ಚೇತರಿಕೆಯಲ್ಲಿ
ಎಫ್33.8 – ಇತರ
ಎಫ್33.9 – ನಿರ್ದಿಷ್ಟಪಡಿಸಿಲ್ಲ

ಸೌಮ್ಯ, ಮಧ್ಯಮ, ತೀವ್ರ ಅಂತ ಡಾಕ್ಟರು ಹೇಗೆ ಅಳೆಯುತ್ತಾರೆ ಅಂತ ಗೊತ್ತಿದ್ದರೆ ಕೇಸ್ ಶೀಟ್ ಓದುವುದು ಸುಲಭ. ಐಸಿಡಿ-10ರಲ್ಲಿ ಮೂರು ಮುಖ್ಯ ಲಕ್ಷಣಗಳಿವೆ: ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಸಂತೋಷ ಇಲ್ಲದಿರುವುದು, ಶಕ್ತಿ ಉಡುಗಿ ಬೇಗ ಸುಸ್ತಾಗುವುದು. ಇವುಗಳ ಜೊತೆ ಇನ್ನೂ ಏಳಿವೆ. ಗಮನ ನಿಲ್ಲದಿರುವುದು, ತನ್ನ ಬಗ್ಗೆ ಕೀಳರಿಮೆ, ತಪ್ಪಿತಸ್ಥ ಭಾವ, ಮುಂದಿನದೆಲ್ಲ ಕತ್ತಲೆ ಅನಿಸುವುದು, ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ, ನಿದ್ದೆ ಕೆಡುವುದು, ಹಸಿವು ಕಡಿಮೆಯಾಗುವುದು. ಎರಡು ಮುಖ್ಯ ಲಕ್ಷಣ, ಏಳರಲ್ಲಿ ಕನಿಷ್ಠ ಎರಡು ಇದ್ದರೆ ಸೌಮ್ಯ. ಎರಡು ಮುಖ್ಯ, ಏಳರಲ್ಲಿ ಮೂರೋ ನಾಲ್ಕೋ ಇದ್ದರೆ ಮಧ್ಯಮ. ಮೂರೂ ಮುಖ್ಯ, ಏಳರಲ್ಲಿ ಕನಿಷ್ಠ ನಾಲ್ಕು ಇದ್ದು, ಕೆಲವಾದರೂ ಜೋರಾಗಿದ್ದರೆ ತೀವ್ರ. ಇದರ ಜೊತೆಗೆ ದಿನದ ಕೆಲಸ ಎಷ್ಟು ಕೆಟ್ಟಿದೆ ಎಂಬುದನ್ನೂ ನೋಡುತ್ತಾರೆ.

ಡಿಎಸ್ಎಂ-5ರ ಲೆಕ್ಕ ಬೇರೆ. ಒಂಬತ್ತು ಲಕ್ಷಣಗಳಲ್ಲಿ ಐದು ಇರಬೇಕು, ಅವುಗಳಲ್ಲಿ ಒಂದು ಕುಗ್ಗಿದ ಮನಸ್ಸೋ ಆಸಕ್ತಿ ಹೋಗಿರುವುದೋ ಆಗಿರಬೇಕು. ಐಸಿಡಿ-11 ಹತ್ತರಲ್ಲಿ ಐದು ಕೇಳುತ್ತದೆ. ಆ ಹತ್ತನೆಯದು ಭರವಸೆ ಇಲ್ಲದಿರುವುದು. ತೀವ್ರತೆಯನ್ನು ಅದು ಬರೀ ಎಣಿಕೆಯಿಂದ ಹೇಳುವುದಿಲ್ಲ. ಲಕ್ಷಣ ಎಷ್ಟು ಗಾಢವಾಗಿದೆ, ಮನೆ, ಕೆಲಸ, ಓದು ಎಷ್ಟು ನಿಂತುಹೋಗಿದೆ ಅನ್ನುವುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ನನಗೆ ಇದೇ ಹೆಚ್ಚು ಸರಿ ಅನಿಸುತ್ತದೆ. ಐದೇ ಲಕ್ಷಣ ಇದ್ದು ಹಾಸಿಗೆಯಿಂದ ಏಳಲಾಗದವರನ್ನು ಎಣಿಕೆ ನೋಡಿ ಸೌಮ್ಯ ಅನ್ನುವುದು ಹೇಗೆ?

ಇಲ್ಲೊಂದು ಎಚ್ಚರಿಕೆ. ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಅಂಕ ಫೈಲಿನಲ್ಲಿ ಇರಬಹುದು. 10ರಿಂದ 14 ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ಮೇಲೆ, 20ರಿಂದ 27 ತೀವ್ರ ಅಂತ ಅದರ ಪಟ್ಟಿ. ‘ಅಂಕ 21, ಹಾಗಾಗಿ ಎಫ್33.2’ ಅಂತ ನೀವೇ ಹಾಕಬಾರದು. ಅದು ರೋಗಿ ತುಂಬಿದ ಹಾಳೆ. ತೀವ್ರತೆಯ ಮಾತು ಡಾಕ್ಟರ ಕೈಬರಹದಲ್ಲಿ ಇರಬೇಕು.

ಡಾಕ್ಟರು ‘ಸೌಮ್ಯದಿಂದ ಮಧ್ಯಮ’ ಅಂತ ಎರಡೂ ಬರೆದರೆ ಊಹೆ ಮಾಡದೆ ಒಂದನ್ನು ಆರಿಸಿಕೊಡಲು ಕೇಳಿ.

ಐಸಿಡಿ-10ರಲ್ಲಿ ಸೌಮ್ಯ ಮತ್ತು ಮಧ್ಯಮಕ್ಕೆ ಐದನೇ ಅಂಕಿಯೊಂದು ಇದೆ. ಬೆಳಗಿನ ಜಾವ ಎಚ್ಚರವಾಗುವುದು, ಬೆಳಿಗ್ಗೆ ಹೆಚ್ಚು ಕುಗ್ಗಿರುವುದು, ತೂಕ ಇಳಿಯುವುದು ಮುಂತಾದ ದೇಹದ ಲಕ್ಷಣಗಳ ಗುಂಪು ಇಲ್ಲದಿದ್ದರೆ 0, ಇದ್ದರೆ 1. ಅಂದರೆ ಎಫ್33.11 ಎಂದರೆ ಮಧ್ಯಮ, ದೇಹದ ಲಕ್ಷಣಗಳ ಗುಂಪಿನ ಜೊತೆ. ಐಸಿಡಿ-10-ಸಿಎಂನಲ್ಲಿ ಈ ಅಂಕಿ ಇಲ್ಲ. ಅಲ್ಲಿ ಹಾಕಿದರೆ ಕೋಡ್ ತಿರಸ್ಕಾರವಾಗುತ್ತದೆ.

ಹೆಜ್ಜೆ 5: ಸೈಕೋಟಿಕ್ ಲಕ್ಷಣ

ಇಲ್ಲದ ದನಿ ಕೇಳುವುದು, ‘ನಾನು ಮಾಡಿದ ಪಾಪಕ್ಕೆ ಊರೆಲ್ಲ ಹಾಳಾಗುತ್ತಿದೆ’ ಎಂಬಂಥ ಅಲುಗಾಡದ ಸುಳ್ಳು ನಂಬಿಕೆ. ಇವು ಇದ್ದರೆ ಮೂರು ಪಟ್ಟಿಗಳೂ ಮೂರು ದಾರಿ ಹಿಡಿಯುತ್ತವೆ. ಐಸಿಡಿ-10ರಲ್ಲಿ ಇದಕ್ಕೆ ತೀವ್ರದ ಜೊತೆ ಮಾತ್ರ ಜಾಗ. ಡಿಎಸ್ಎಂ-5 ತೀವ್ರತೆ ಏನೇ ಇರಲಿ, ಎಫ್33.3 ಹಾಕು ಅನ್ನುತ್ತದೆ. ಐಸಿಡಿ-11 ಮಧ್ಯಮಕ್ಕೂ ಪ್ರತ್ಯೇಕ ಕೋಡ್ ಕೊಟ್ಟಿದೆ: 6ಎ71.2. ಮೊದಲು ಹೇಳಿದ ಗೊಂದಲದ ಜಾಗಗಳಲ್ಲಿ ಇದೂ ಒಂದು. ‘ಮಧ್ಯಮ ಖಿನ್ನತೆ, ದನಿ ಕೇಳುತ್ತದೆ’ ಅಂತ ಬರೆದಿದ್ದರೆ, ಬಳಸುತ್ತಿರುವ ಪಟ್ಟಿ ಯಾವುದು ಎಂಬುದರ ಮೇಲೆ ಕೋಡ್ ನಿಂತಿದೆ.

ಹೆಜ್ಜೆ 6: ಚೇತರಿಕೆಯಲ್ಲಿ ಇರುವವರು

ಎರಡು ಎಪಿಸೋಡ್ ಆಗಿದೆ, ಈಗ ಆರಾಮಾಗಿದ್ದಾರೆ, ಮಾತ್ರೆ ಮುಂದುವರಿದಿದೆ, ಚೆಕಪ್‌ಗೆ ಬಂದಿದ್ದಾರೆ. ಇವರಿಗೆ ಹಳೆಯ ಎಫ್33.1 ಅನ್ನೇ ನಕಲು ಮಾಡಿಬಿಡುವುದು ಎಲ್ಲ ಕಡೆ ನಡೆಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಹಿಂದಿನ ಭೇಟಿಯ ಕೋಡ್ ತಾನಾಗಿ ಬಂದು ಕೂತಿರುತ್ತದೆ, ಯಾರೂ ತೆಗೆಯುವುದಿಲ್ಲ. ರೋಗಿ ಗುಣವಾಗಿ ವರ್ಷವಾದರೂ ಕಡತದಲ್ಲಿ ಇನ್ನೂ ಮಧ್ಯಮ ಖಿನ್ನತೆಯಲ್ಲೇ ಇರುತ್ತಾರೆ. ಚಿಕಿತ್ಸೆ ಫಲ ಕೊಟ್ಟಿತೇ ಅಂತ ಆಮೇಲೆ ಯಾರಾದರೂ ಅಂಕಿಅಂಶ ತೆಗೆದರೆ ಉತ್ತರ ತಪ್ಪಾಗುತ್ತದೆ.

ಐಸಿಡಿ-10ರಲ್ಲಿ ಇದಕ್ಕೆ ಒಂದೇ ಕೋಡ್, ಎಫ್33.4. ಐಸಿಡಿ-10-ಸಿಎಂ ಅದನ್ನು ಮೂರು ಮಾಡಿದೆ: ಎಫ್33.40 ಯಾವ ಮಟ್ಟ ಅಂತ ಹೇಳಿಲ್ಲ, ಎಫ್33.41 ಭಾಗಶಃ ಚೇತರಿಕೆ, ಎಫ್33.42 ಪೂರ್ಣ ಚೇತರಿಕೆ. ಐಸಿಡಿ-11ರಲ್ಲಿ ಭಾಗಶಃ 6ಎ71.6, ಪೂರ್ಣ 6ಎ71.7. ಡಿಎಸ್ಎಂ ಪ್ರಕಾರ ಪೂರ್ಣ ಅನ್ನಬೇಕಾದರೆ ಕಳೆದ 2 ತಿಂಗಳು ಗಮನಾರ್ಹ ಲಕ್ಷಣ ಇರಬಾರದು. ಲಕ್ಷಣ ಸ್ವಲ್ಪ ಉಳಿದಿದ್ದರೆ, ಅಥವಾ ಹೋಗಿ ಇನ್ನೂ 2 ತಿಂಗಳಾಗಿಲ್ಲದಿದ್ದರೆ ಭಾಗಶಃ.

‘ಚೆನ್ನಾಗಿದ್ದಾರೆ’, ‘ಸ್ಥಿರ’ ಅಂತ ಬರೆದದ್ದನ್ನು ಚೇತರಿಕೆ ಅಂತ ಓದಬೇಡಿ. ತೀವ್ರ ಖಿನ್ನತೆಯಲ್ಲೂ ಒಬ್ಬರು ಸ್ಥಿರವಾಗಿರಬಹುದು. ಹಾಗೆಯೇ ‘ಹಿಂದೆ ಖಿನ್ನತೆ ಇತ್ತು’ ಎಂಬ ಮಾತು. ಮಾತ್ರೆ ನಡೆಯುತ್ತಿರುವಾಗ ಬರೆದಿದ್ದರೆ ಡಾಕ್ಟರ ಮನಸ್ಸಿನಲ್ಲಿ ಇರುವುದು ಬಹುಶಃ ಚೇತರಿಕೆ. ಎಲ್ಲ ಮುಗಿದು ಬರೀ ಇತಿಹಾಸವಾಗಿದ್ದರೆ ಐಸಿಡಿ-10-ಸಿಎಂನಲ್ಲಿ ಝಡ್86.59 ಇದೆ. ಯಾವುದು ಅಂತ ಕೇಳಿಯೇ ಹಾಕಿ.

ಹೆಜ್ಜೆ 7: ಅಕ್ಕಪಕ್ಕದ ಕೋಡ್‌ಗಳು

ಎರಡು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಮಟ್ಟದಲ್ಲಿ ಎಳೆದುಕೊಂಡು ಬಂದ ಕೊರಗು ಡಿಸ್ಥೈಮಿಯಾ: ಎಫ್34.1, ಐಸಿಡಿ-11ರಲ್ಲಿ 6ಎ72. ದೊಡ್ಡ ಕಷ್ಟವೊಂದರ ಬೆನ್ನಿಗೇ ಬಂದು ಖಿನ್ನತೆಯ ಮಾನದಂಡ ತಲುಪದ ತಳಮಳ ಎಫ್43.2. ಥೈರಾಯ್ಡ್‌ನಂಥ ದೇಹದ ಕಾಯಿಲೆಯೇ ನೇರ ಕಾರಣ ಅಂತ ಡಾಕ್ಟರು ಬರೆದಿದ್ದರೆ ಎಫ್06.3, ಎಫ್33 ಅಲ್ಲ. ಪ್ರತಿ ವರ್ಷ ಒಂದೇ ಋತುವಿನಲ್ಲಿ ಬರುವ ಖಿನ್ನತೆ ಮಾತ್ರ ಎಫ್33ರೊಳಗೇ ಬರುತ್ತದೆ. ಐಸಿಡಿ-11ರಲ್ಲಿ ಅದನ್ನು ತೋರಿಸಲು 6ಎ80.4 ಅನ್ನು ಜೊತೆಗೆ ಸೇರಿಸುತ್ತಾರೆ.

ಆತ್ಮಹತ್ಯೆಯ ಯೋಚನೆ ದಾಖಲಾಗಿದ್ದರೆ ಐಸಿಡಿ-10-ಸಿಎಂನಲ್ಲಿ ಆರ್45.851, ಐಸಿಡಿ-11ರಲ್ಲಿ ಎಂಬಿ26.ಎ. ಆದರೆ ಕೋಡ್ ಆಮೇಲಿನ ಮಾತು. ಅಂಥ ಸಾಲು ಕಂಡು, ಅದನ್ನು ಡಾಕ್ಟರು ನೋಡಿದ ಗುರುತು ಫೈಲಿನಲ್ಲಿ ಇಲ್ಲದಿದ್ದರೆ ಮೊದಲು ಅವರಿಗೆ ತಿಳಿಸಿ. ಇದನ್ನು ಓದುತ್ತಿರುವವರಿಗೇ ಅಂಥ ಯೋಚನೆ ಬರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಈಗಲೇ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಹೆಜ್ಜೆ 8: ‘.9’ ಹಾಕುವ ಮೊದಲು ಒಂದು ಪ್ರಶ್ನೆ

ಎಫ್33.9 ತಪ್ಪು ಕೋಡ್ ಅಲ್ಲ. ಮರುಕಳಿಸಿದೆ ಅಂತ ಗೊತ್ತು, ತೀವ್ರತೆ ಗೊತ್ತಿಲ್ಲ ಅಂದಾಗ ಅದೇ ಪ್ರಾಮಾಣಿಕ ಉತ್ತರ. ತುರ್ತು ವಿಭಾಗದಲ್ಲಿ ಅರ್ಧ ಗಂಟೆ ನೋಡಿದ ರೋಗಿಗೆ ಅದು ಸಹಜ. ಆದರೆ ಎರಡು ವಾರ ವಾರ್ಡ್‌ನಲ್ಲಿದ್ದು ಮನೆಗೆ ಹೋದವರಿಗೆ .9 ಇದ್ದರೆ ಎಲ್ಲೋ ಯಾರೋ ಬರೆಯಲು ಬಿಟ್ಟಿದ್ದಾರೆ ಅಂತಲೇ ಅರ್ಥ.

ಬರೀ ‘ಖಿನ್ನತೆ’ ಅಂತ ಒಂದೇ ಪದ ಇದ್ದರೆ ಎಫ್33.9 ಕೂಡ ಹಾಕುವಂತಿಲ್ಲ, ಯಾಕೆಂದರೆ ಮರುಕಳಿಸಿದ ಮಾತೇ ಅಲ್ಲಿಲ್ಲ. ಐಸಿಡಿ-10-ಸಿಎಂನಲ್ಲಿ ಅದಕ್ಕಾಗಿಯೇ 2021ರ ಅಕ್ಟೋಬರ್ 1ರಿಂದ ಎಫ್32.ಎ ಎಂಬ ಕೋಡ್ ಬಂದಿದೆ. ಅಲ್ಲಿಯವರೆಗೆ ಇಂಥವೆಲ್ಲ ಎಫ್32.9ಕ್ಕೆ ಹೋಗಿ ಬೀಳುತ್ತಿದ್ದವು.

ಡಾಕ್ಟರನ್ನು ಕೇಳುವಾಗ ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ‘ಇದು ಎಫ್33.2 ಅಲ್ವಾ ಸರ್?’ ಅಂದರೆ ಗಡಿಬಿಡಿಯಲ್ಲಿರುವವರು ಹೂಂ ಅಂದುಬಿಡುತ್ತಾರೆ. ಹೀಗೆ ಬರೆದು ಕಳಿಸಿ: ‘ಡಯಾಗ್ನೋಸಿಸ್: ಮರುಕಳಿಸುವ ಖಿನ್ನತೆ. ಹಳೆಯ ಎಪಿಸೋಡ್ ದಾಖಲೆ ಲಗತ್ತಿಸಿದೆ. ಈಗಿನ ಎಪಿಸೋಡ್‌ನ ತೀವ್ರತೆ, ಸೈಕೋಟಿಕ್ ಲಕ್ಷಣ ಇದೆಯೇ, ಚೇತರಿಕೆಯಲ್ಲಿದ್ದರೆ ಭಾಗಶಃವೇ ಪೂರ್ಣವೇ, ದಯವಿಟ್ಟು ತಿಳಿಸಿ.’

ಐಸಿಡಿ-10ರಿಂದ ಐಸಿಡಿ-11ಕ್ಕೆ ದಾಟುವಾಗ

ಅಂಕಿಗೆ ಅಂಕಿ ಹೊಂದಿಸಲು ಹೋಗಬೇಡಿ. ಎಫ್33.0 ಹೋಗುವುದು 6ಎ71.0ಗೆ, ಎಫ್33.1 ಸಾಮಾನ್ಯವಾಗಿ 6ಎ71.1ಗೆ. ಅಲ್ಲಿಂದ ಮುಂದೆ ಸಾಲು ತಪ್ಪುತ್ತದೆ. ಎಫ್33.2 ಹೋಗುವುದು 6ಎ71.3ಗೆ, ಎಫ್33.3 ಹೋಗುವುದು 6ಎ71.4ಗೆ. 6ಎ71.2 ಎಂದರೆ ಸೈಕೋಟಿಕ್ ಲಕ್ಷಣ ಇರುವ ಮಧ್ಯಮ ಎಪಿಸೋಡ್. ಎಫ್33.2 ನೋಡಿ ಕೈತಪ್ಪಿ ಅದನ್ನು ಹಾಕಿದರೆ ರೋಗಿಗೆ ಇಲ್ಲದ ಲಕ್ಷಣ ಸೇರಿಸಿದಂತೆ, ಇರುವ ತೀವ್ರತೆ ಇಳಿಸಿದಂತೆ. ಎಫ್33.4 ಬಂದರೆ ಫೈಲ್ ತೆರೆದು ಭಾಗಶಃವೇ ಪೂರ್ಣವೇ ಅಂತ ನೋಡಲೇಬೇಕು, ನೇರ ದಾರಿ ಇಲ್ಲ. ಎಪಿಸೋಡ್ ಇದೆ, ತೀವ್ರತೆ ಮಾತ್ರ ಗೊತ್ತಿಲ್ಲ ಅಂದರೆ 6ಎ71.5. ಅದೂ ಇಲ್ಲದಿದ್ದರೆ 6ಎ71.ಝಡ್.

ಐಸಿಡಿ-11ರಲ್ಲಿ ಒಂದಕ್ಕಿಂತ ಹೆಚ್ಚು ಕೋಡ್ ಜೋಡಿಸಬಹುದು. ಮಧ್ಯಮ ಎಪಿಸೋಡ್ ಜೊತೆ ಆತಂಕ ಎದ್ದು ಕಾಣುತ್ತಿದ್ದರೆ 6ಎ71.1/6ಎ80.0. ಜೊತೆಗೆ ಪ್ಯಾನಿಕ್ ಅಟ್ಯಾಕ್ ಬರುತ್ತಿದ್ದರೆ 6ಎ80.1, ಈಗಿನ ಎಪಿಸೋಡ್ ಎರಡು ವರ್ಷದಿಂದ ಬಿಡದೆ ಇದ್ದರೆ 6ಎ80.2. ಐಸಿಡಿ-10ರಲ್ಲಿ ಇವೆಲ್ಲ ಕೇಸ್ ಶೀಟ್‌ನಲ್ಲೇ ಉಳಿದುಹೋಗುತ್ತಿದ್ದವು. 6ಎ80ರ ಕೋಡ್‌ಗಳು ಒಂಟಿಯಾಗಿ ನಿಲ್ಲುವುದಿಲ್ಲ. ಮೊದಲು ಖಿನ್ನತೆಯ ಕೋಡ್, ಆಮೇಲೆ ಓರೆಗೆರೆ, ಆಮೇಲೆ ಇವು.